ಕಾರಿನ ಸಾಲಕ್ಕೆ ಬಡ್ಡಿ ದಿನಾ ಏರುತ್ತದೆ: ಅಮೆರಿಕಕ್ಕೆ ಹೊಸದಾಗಿ ಹೋಗುವ ನಮ್ಮೂರಿನವರಿಗೆ

ರಜೆಯಲ್ಲಿ ಉಡುಪಿಗೆ ಬಂದಾಗಲೆಲ್ಲ ಅಮೆರಿಕದ ವಿಷಯ ಕೇಳಲು ಯಾರಾದರೂ ಮನೆಗೆ ಬಂದೇ ಬರುತ್ತಾರೆ. ವೀಸಾ, ಬಾಡಿಗೆ ಮನೆ, ಅಲ್ಲಿಯ ಚಳಿ, ಇಂಥ ಪ್ರಶ್ನೆಗಳೇ ಜಾಸ್ತಿ. ಈ ಸಲ ಬಂದ ಹುಡುಗನ ಪ್ರಶ್ನೆ ಬೇರೆ ಇತ್ತು. ಮಣಿಪಾಲದಲ್ಲಿ ಓದಿದವನು. ಅಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು, ತಂಗಿಯ ಮದುವೆಗೆಂದು ಬಂದಿದ್ದ. ಚಾವಡಿಯಲ್ಲಿ ಕೂತು ಫೋನ್ ತೆಗೆದು ಕಾರಿನ ಸಾಲದ ಲೆಕ್ಕ ತೋರಿಸಿದ.

“ಅಣ್ಣ, ಒಂದು ವರ್ಷ ಒಂದು ಕಂತೂ ತಪ್ಪಿಸ್ಲಿಲ್ಲ. 5,000 ಡಾಲರ್ ಹತ್ರ ಕಟ್ಟಿದ್ದೇನೆ. ಸಾಲ ನೋಡಿದ್ರೆ ಇಳಿದದ್ದು 3,300 ಮಾತ್ರ. ಎಂತ ಇದು, ಮೋಸ ಉಂಟಾ?”

ಮೋಸ ಇರಲಿಲ್ಲ. ಅವನ ಸಾಲ 20,000 ಡಾಲರ್, ಬಡ್ಡಿ ಶೇ. 9, ಅವಧಿ 60 ತಿಂಗಳು, ಕಂತು 415 ಡಾಲರ್. ಈ ಲೆಕ್ಕದಲ್ಲಿ ಮೊದಲ ವರ್ಷ ಕಟ್ಟುವುದು ಸುಮಾರು 4,980. ಅದರಲ್ಲಿ 1,665 ಬಡ್ಡಿಗೇ ಹೋಗುತ್ತದೆ, ಉಳಿದದ್ದು ಅಸಲಿಗೆ. ಫೋನ್ ತೋರಿಸಿದ್ದು ಸರಿಯೇ. ಆದರೆ ಯಾಕೆ ಹೀಗೆ ಅಂತ ಅವನಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ನನಗೂ ಅಲ್ಲಿಗೆ ಹೋದ ಹೊಸದರಲ್ಲಿ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉಡುಪಿ, ಮಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಪಿಗ್ಮಿ ಗೊತ್ತಲ್ವಾ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ದಿನದ ಉಳಿತಾಯದ ಯೋಜನೆ ಅದು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಬರೆದುಕೊಂಡು ಹೋಗುತ್ತಿದ್ದರು. ಅಮೆರಿಕದ ಕಾರು ಸಾಲದ ಬಡ್ಡಿಯೂ ಹಾಗೆಯೇ ದಿನಾ ಬರುತ್ತದೆ. ಭಾನುವಾರವೂ ಬರುತ್ತದೆ, ಹಬ್ಬದ ದಿನವೂ ಬರುತ್ತದೆ. ಪಿಗ್ಮಿಯಲ್ಲಿ ಬೆಳೆಯುತ್ತಿದ್ದದ್ದು ನಮ್ಮ ಗಂಟು, ಇಲ್ಲಿ ಬೆಳೆಯುವುದು ನಮ್ಮ ಬಾಕಿ.

ಲೆಕ್ಕ ಹೀಗೆ. 20,000ಕ್ಕೆ ಶೇ. 9 ಅಂದರೆ ವರ್ಷಕ್ಕೆ 1,800. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 4 ಡಾಲರ್ 93 ಸೆಂಟ್. ನೀವು ಕಂತು ಕಟ್ಟಿದ ದಿನ, ಹಿಂದಿನ ಕಂತಿನಿಂದ ಎಷ್ಟು ದಿನ ಆಯಿತು ಅಂತ ಎಣಿಸುತ್ತಾರೆ. ಅಷ್ಟು ದಿನದ ಬಡ್ಡಿಯನ್ನು ಮೊದಲು ಮುರಿದುಕೊಂಡು, ಉಳಿದದ್ದನ್ನು ಅಸಲಿಗೆ ಹಾಕುತ್ತಾರೆ. 30 ದಿನಕ್ಕೆ ಸುಮಾರು 148 ಡಾಲರ್ ಬಡ್ಡಿ, 267 ಅಸಲಿಗೆ. ಅಸಲು ಇಳಿದಂತೆ ದಿನದ ಬಡ್ಡಿಯೂ ಇಳಿಯುತ್ತದೆ. ಕಂತು ಮಾತ್ರ ಕೊನೆಯವರೆಗೂ ಅದೇ 415. ಅದಕ್ಕೇ ಮೊದಲ ವರ್ಷ ಸಾಲ ಅಲ್ಲಾಡದ ಹಾಗೆ ಕಾಣುತ್ತದೆ, ಕೊನೆಯ ವರ್ಷ ಸರಸರ ಕರಗುತ್ತದೆ. ಇದು ಚಕ್ರಬಡ್ಡಿ ಅಲ್ಲ. ಅಲ್ಲಿಯ ಹೆಚ್ಚಿನ ಕಾರು ಸಾಲಗಳು ಸಿಂಪಲ್ ಇಂಟರೆಸ್ಟ್, ಅಂದರೆ ಸರಳ ಬಡ್ಡಿಯ ಸಾಲಗಳೇ. ಪತ್ರದಲ್ಲಿ ‘ಪ್ರಿಕಂಪ್ಯೂಟೆಡ್’ ಅಂತಿದ್ದರೆ ಮಾತ್ರ ನಿಂತು ಕೇಳಿ. ಅಂಥ ಸಾಲದಲ್ಲಿ ಬಡ್ಡಿಯನ್ನು ಮೊದಲೇ ಕೂಡಿಸಿ ಇಟ್ಟಿರುತ್ತಾರೆ, ಬೇಗ ಕಟ್ಟಿದರೂ ಉಳಿತಾಯ ಕಡಿಮೆ.

ಊರಿನಲ್ಲಿ ಬೈಕಿಗೆ, ಸ್ಕೂಟರಿಗೆ ಸಾಲ ಮಾಡಿದವರ ತಲೆಯಲ್ಲಿ ಫ್ಲ್ಯಾಟ್ ರೇಟ್ ಕೂತಿರುತ್ತದೆ, ಅಂದರೆ ಅಸಲು ಇಳಿದರೂ ಕೊನೆಯವರೆಗೆ ಮೊದಲಿನ ಪೂರ್ತಿ ಸಾಲದ ಮೇಲೆಯೇ ಬಡ್ಡಿ. 5 ಲಕ್ಷಕ್ಕೆ 5 ವರ್ಷ, ಶೇ. 8 ಫ್ಲ್ಯಾಟ್ ಅಂದರೆ 2 ಲಕ್ಷ ಬಡ್ಡಿ. ಇಳಿಯುವ ಅಸಲಿನ ಮೇಲೆ ಹಾಕಿ ನೋಡಿದರೆ ಅದು ಶೇ. 14ರ ಮೇಲೆ ಬರುತ್ತದೆ. ಹಾಗಾಗಿ ‘ಊರಲ್ಲೂ 8, ಇಲ್ಲೂ 8’ ಅಂತ ಎರಡನ್ನು ಪಕ್ಕಪಕ್ಕ ಇಡಬೇಡಿ.

ಈಗ ದಿನದ ಮಾತು. ನಾನು ತುಂಬ ದಿನ ತಪ್ಪು ತಿಳಿದುಕೊಂಡದ್ದು ಇಲ್ಲೇ. ನನ್ನ ಕಂತಿನ ದಿನ 1ನೇ ತಾರೀಕು. 15ನೇ ತಾರೀಕಿನ ತನಕ ದಂಡ ಇಲ್ಲ ಅಂತ ಪತ್ರದಲ್ಲಿತ್ತು. ನಾನು ಪ್ರತಿ ತಿಂಗಳು 13ಕ್ಕೋ 14ಕ್ಕೋ ಕಟ್ಟುತ್ತಿದ್ದೆ. ದಂಡ ಒಂದು ಸಲವೂ ಬೀಳಲಿಲ್ಲ. ಆದರೆ ಆ ದಿನಗಳಿಗೂ ಬಡ್ಡಿ ಏರುತ್ತಲೇ ಇತ್ತು. ಕೊನೆಯ ಕಂತು ಬಂದಾಗ ಮಾಮೂಲಿಗಿಂತ ನೂರು ಡಾಲರ್ ಹತ್ತಿರ ಜಾಸ್ತಿ ಇತ್ತು. ಕೋಪದಲ್ಲಿ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಒಂದೊಂದೇ ತಾರೀಕು ಓದಿ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ರೇಸ್ ಅಂದರೆ ದಂಡಕ್ಕೆ ವಿನಾಯಿತಿ, ಬಡ್ಡಿಗೆ ಅಲ್ಲ. ಸಂಬಳ ಬರುವ ದಿನಕ್ಕೂ ಕಂತಿನ ದಿನಕ್ಕೂ ಹೊಂದದಿದ್ದರೆ ತಾರೀಕು ಬದಲಾಯಿಸಿ ಕೊಡಿ ಅಂತ ಕೇಳಿ. ಅನೇಕರು ಬದಲಾಯಿಸಿ ಕೊಡುತ್ತಾರೆ.

ಮೊದಲ ಕಂತಿಗೆ 45 ದಿನ ಸಮಯ ಕೊಟ್ಟರೆ ಖುಷಿಪಡುತ್ತೇವೆ, ಅಲ್ವಾ? ಆ 45 ದಿನಕ್ಕೆ ನಮ್ಮ ಹುಡುಗನ ಸಾಲದ ಲೆಕ್ಕದಲ್ಲಿ 222 ಡಾಲರ್ ಬಡ್ಡಿ. ಅಂದರೆ ಮೊದಲ ಕಂತಿನ ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ಕಷ್ಟದ ತಿಂಗಳಲ್ಲಿ ಒಂದು ಕಂತು ಮುಂದೂಡಲು ಬಿಟ್ಟಾಗಲೂ ಇದೇ ಕಥೆ. ಕೆಲಸ ಹೋದಾಗ ಅದು ದೊಡ್ಡ ಸಹಾಯ, ಬೇಡ ಅನ್ನುವುದಿಲ್ಲ. ಆದರೆ ಆ ತಿಂಗಳೂ ಬಡ್ಡಿ ಏರುತ್ತಿರುತ್ತದೆ ಅನ್ನುವುದು ತಿಳಿದಿರಲಿ.

ಷೋರೂಮಿನಲ್ಲಿ ಕೂತ ಕೂಡಲೇ ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಅಂತ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ನೀವು 325 ಅಂದರೆ ಅವರು 60 ತಿಂಗಳನ್ನು 84 ಮಾಡಿ 322ಕ್ಕೆ ಇಳಿಸಿ ತೋರಿಸುತ್ತಾರೆ. ಅದೇ 20,000, ಅದೇ ಶೇ. 9. ಆದರೆ 60 ತಿಂಗಳಿಗೆ ಒಟ್ಟು ಬಡ್ಡಿ 4,910 ಡಾಲರ್, 84 ತಿಂಗಳಿಗೆ 7,030. ಅದರ ಜೊತೆಗೆ ಸಾಲ ನಿಧಾನ ಇಳಿಯುತ್ತದೆ, ಕಾರಿನ ಬೆಲೆ ಬೇಗ ಇಳಿಯುತ್ತದೆ. ಎರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗಬೇಕಾಗಿ ಬಂದರೆ, ಕಾರು ಮಾರಿದ ಹಣದಿಂದ ಸಾಲ ತೀರದೆ ಕೈಯಿಂದ ಹಾಕಬೇಕಾಗಬಹುದು. ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಯೋಚಿಸಬೇಕು.

ಸಹಿ ಹಾಕುವ ಮೊದಲು ಪತ್ರದಲ್ಲಿ ಎಪಿಆರ್ (ಶುಲ್ಕವೂ ಸೇರಿದ ವಾರ್ಷಿಕ ದರ), ಫೈನಾನ್ಸ್ ಚಾರ್ಜ್ (ಸಾಲಕ್ಕೆ ತಗಲುವ ಒಟ್ಟು ಖರ್ಚು), ಅಮೌಂಟ್ ಫೈನಾನ್ಸ್ಡ್ (ಸಾಲವಾಗಿ ಪಡೆದ ಮೊತ್ತ), ಟೋಟಲ್ ಆಫ್ ಪೇಮೆಂಟ್ಸ್ (ಕೊನೆಯವರೆಗೆ ಕಟ್ಟುವ ಒಟ್ಟು ಹಣ) ಅನ್ನುವ ನಾಲ್ಕು ಅಂಕಿ ಹುಡುಕಿ. 1968ರ ಟ್ರೂತ್ ಇನ್ ಲೆಂಡಿಂಗ್ ಕಾಯ್ದೆ ಪ್ರಕಾರ ಇವನ್ನು ತೋರಿಸಲೇಬೇಕು. ಅಮೌಂಟ್ ಫೈನಾನ್ಸ್ಡ್ ನೀವು ಮಾತಾಡಿದ ಬೆಲೆಗಿಂತ ಜಾಸ್ತಿ ಕಂಡರೆ ಏನೇನು ಸೇರಿಸಿದ್ದಾರೆ ಅಂತ ಕೇಳಿ. ಹೆಚ್ಚಾಗಿ ವಾರಂಟಿ ಇರುತ್ತದೆ. 2,500 ಡಾಲರಿನ ವಾರಂಟಿ ಶೇ. 9ರ ಸಾಲದಲ್ಲಿ ಸೇರಿದರೆ 60 ತಿಂಗಳಲ್ಲಿ 3,114 ಆಗುತ್ತದೆ.

ಹೊಸಬರಿಗೆ ಬಡ್ಡಿ ದರವೇ ಜಾಸ್ತಿ ಬೀಳುತ್ತದೆ. ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಸಾಮಾನ್ಯವಾಗಿ ಅಲ್ಲಿ ಲೆಕ್ಕಕ್ಕಿಲ್ಲ. ಶೇ. 14 ಹೇಳಿದರೆ ಅಲ್ಲೇ ಸಹಿ ಹಾಕಬೇಡಿ. ಮೊದಲು ಯಾವುದಾದರೂ ಕ್ರೆಡಿಟ್ ಯೂನಿಯನ್‌ನಲ್ಲಿ ಕೇಳಿ, ಅದು ನಮ್ಮ ಸಹಕಾರಿ ಸೊಸೈಟಿಯ ಹಾಗೆ, ಸದಸ್ಯರದ್ದೇ ಸಂಸ್ಥೆ. ಬೇರೆ ದಾರಿ ಇಲ್ಲದೆ 14ಕ್ಕೇ ತೆಗೆದುಕೊಂಡರೂ ಒಂದು ವರ್ಷ ಸರಿಯಾಗಿ ಕಟ್ಟಿ ಮತ್ತೆ ಕೇಳಿ. 20,000ದಲ್ಲಿ ಒಂದು ವರ್ಷಕ್ಕೆ ಬಾಕಿ 17,030 ಇರುತ್ತದೆ. ಉಳಿದ 48 ತಿಂಗಳಿಗೆ ಶೇ. 8 ಸಿಕ್ಕಿದರೆ ಕಂತು 465ರಿಂದ 416ಕ್ಕೆ ಇಳಿದು, ಒಟ್ಟು 2,300ಕ್ಕಿಂತ ಜಾಸ್ತಿ ಉಳಿಯುತ್ತದೆ. ಉಳಿದ ಅವಧಿಯನ್ನು ಮಾತ್ರ ಮತ್ತೆ 60 ತಿಂಗಳು ಮಾಡಿಸಿಕೊಳ್ಳಬೇಡಿ.

ಕೈಯಲ್ಲಿ ಸ್ವಲ್ಪ ಹಣ ಉಳಿದರೆ ಅಸಲಿಗೆ ಹಾಕಿ, ಬೇಗ ಹಾಕಿ. ಹುಡುಗನ ಸಾಲದಲ್ಲಿ ಮೊದಲ ತಿಂಗಳೇ 1,000 ಡಾಲರ್ ಹೆಚ್ಚಿಗೆ ಹಾಕಿದ್ದರೆ 500ಕ್ಕಿಂತ ಜಾಸ್ತಿ ಬಡ್ಡಿ ಉಳಿಯುತ್ತಿತ್ತು. ನಾಲ್ಕು ವರ್ಷ ಬಿಟ್ಟು ಅದೇ 1,000 ಹಾಕಿದರೆ ನೂರೂ ಉಳಿಯುವುದಿಲ್ಲ. ಒಂದೇ ಸಲ ಅಷ್ಟು ಆಗದವರು ತಿಂಗಳಿಗೆ 50 ಸೇರಿಸಿ ಕಟ್ಟಿದರೂ ಸಾಲ ಏಳು ತಿಂಗಳು ಮೊದಲೇ ಮುಗಿಯುತ್ತದೆ. ಆದರೆ ಸುಮ್ನೆ ಹೆಚ್ಚಿಗೆ ಕಳಿಸಬೇಡಿ. ಕೆಲವರು ಅದನ್ನು ಮುಂದಿನ ಕಂತು ಅಂತ ಬರೆದುಕೊಂಡು, ಮುಂದಿನ ತಿಂಗಳು ಕಟ್ಟಬೇಕಾದದ್ದು ಕಡಿಮೆ ಅಂತ ತೋರಿಸುತ್ತಾರೆ. ‘ಪ್ರಿನ್ಸಿಪಲ್ ಓನ್ಲಿ’, ಅಂದರೆ ಅಸಲಿಗೆ ಮಾತ್ರ ಅಂತ ಆರಿಸಿ, ಎರಡು ದಿನ ಬಿಟ್ಟು ಬಾಕಿ ಅಷ್ಟೇ ಇಳಿದಿದೆಯಾ ನೋಡಿ. ಹುಡುಗ ಚಾವಡಿಯಲ್ಲೇ ಕೂತು ಫೋನಿನಲ್ಲಿ ಆ ಆಯ್ಕೆಯನ್ನು ಹುಡುಕಿದ. ಮೂರನೇ ಪುಟದಲ್ಲಿ ಸಿಕ್ಕಿತು.

ಕೊನೆಗೆ ಸಾಲ ಪೂರ್ತಿ ತೀರಿಸುವ ದಿನ. ನನ್ನ ಗೆಳೆಯನೊಬ್ಬ ಕೆಲಸ ಬಿಟ್ಟು ಮಂಗಳೂರಿಗೆ ಖಾಯಂ ವಾಪಸ್ ಬರುವಾಗ ಕಾರನ್ನು ಒಬ್ಬರಿಗೆ ಮಾರಲು ಮಾತಾಡಿದ್ದ. ಪರದೆಯಲ್ಲಿ ಕಂಡ ಬಾಕಿ 7,000. ಅಷ್ಟೂ ಕಟ್ಟಿದ. ಆದರೆ ಹಿಂದಿನ ಕಂತಿನಿಂದ 22 ದಿನ ಆಗಿತ್ತು, ಆ ದಿನಗಳ ಬಡ್ಡಿ ಆ ಅಂಕಿಯಲ್ಲಿ ಸೇರಿರಲಿಲ್ಲ. 38 ಡಾಲರ್ ಉಳಿಯಿತು. ಸಾಲ ಮುಗಿಯಲಿಲ್ಲ, ಕಾರಿನ ಟೈಟಲ್ (ಒಡೆತನದ ಪತ್ರ) ಬಿಡುಗಡೆ ಆಗಲಿಲ್ಲ. ಕೊಳ್ಳುವವರು ಕಾದು ಕಾದು ಬೇರೆ ಕಾರು ನೋಡಿಕೊಂಡರು. ಅವನ ವಿಮಾನದ ಟಿಕೆಟ್ ಆಗಲೇ ಆಗಿತ್ತು. ಪರದೆಯ ಬಾಕಿ ಬೇರೆ, ಪೇಆಫ್ ಮೊತ್ತ, ಅಂದರೆ ಸಾಲ ಪೂರ್ತಿ ತೀರಲು ಕಟ್ಟಬೇಕಾದದ್ದು, ಬೇರೆ. ಫೋನ್ ಮಾಡಿ ‘ಹತ್ತು ದಿನದ ಪೇಆಫ್’ ಕೇಳಿದರೆ ಮುಂದಿನ ಹತ್ತು ದಿನದ ತನಕದ ಬಡ್ಡಿ ಸೇರಿಸಿ ಒಂದು ಅಂಕಿ ಕೊಡುತ್ತಾರೆ. ಆ ಅಂಕಿಯನ್ನು ಬರಹದಲ್ಲಿ ತೆಗೆದುಕೊಂಡು ಕಟ್ಟಿ. ಸಾಲ ತೀರಿದ ಪತ್ರ ಕೈಗೆ ಬಂದ ಮೇಲೆಯೇ ಊರಿಗೆ ಟಿಕೆಟ್ ಮಾಡಿ.