ಹೊಸ ಟೈರನ್ನು ಉಜ್ಜಿಸಿ ಹಳೆಯ ಮೂರಕ್ಕೆ ಜೋಡಿ ಮಾಡಿದ್ದು: ನನ್ನ ಅನುಭವ

ಹೋದ ವರ್ಷ ಆಗಸ್ಟ್ ಮಳೆಯಲ್ಲಿ ತೋಟದ ಕೆಳಗಿನ ತಿರುವಲ್ಲಿ ಗಾಡಿ ಸ್ವಲ್ಪ ಜಾರಿತು. ಹಿಂದಿನ ಎಡಗಡೆ ಟೈರು ಚರಂಡಿ ಅಂಚಿನ ಸೈಜುಗಲ್ಲಿಗೆ ಉಜ್ಜಿ ಸೈಡ್‌ವಾಲ್ (ಟೈರಿನ ಪಕ್ಕ) ನಾಲ್ಕು ಬೆರಳಗಲ ಸೀಳಿಹೋಯಿತು. ಸೀಳಿನೊಳಗೆ ದಾರದ ಎಳೆಗಳು ಕತ್ತರಿಸಿಕೊಂಡು ಹೊರಗೆ ಇಣುಕುತ್ತಿದ್ದವು. ಗಾಡಿ 2016ರ ಡಸ್ಟರ್ ಎಡಬ್ಲ್ಯೂಡಿ, ಅಂದರೆ ನಾಲ್ಕೂ ಚಕ್ರ ಎಳೆಯುವಂಥದ್ದು; ಟೈರು 215/65 ಆರ್16. ನಾಲ್ಕೂ ಒಟ್ಟಿಗೇ ಹಾಕಿಸಿದ್ದು, 26 ಸಾವಿರ ಕಿ.ಮೀ. ಓಡಿ 8 ಮಿ.ಮೀ. ಬಟನ್ (ನೆಲ ಮುಟ್ಟುವ ರಬ್ಬರ್ ಹಲ್ಲು) 5ಕ್ಕೆ ಇಳಿದಿತ್ತು. ಉಳಿದ ಮೂರಕ್ಕೆ ಇನ್ನೂ ಎರಡು ಮಳೆಗಾಲದ ಆಯಸ್ಸು ಇತ್ತು.

ಬರೀ ಮುಂದಿನ ಚಕ್ರ ಎಳೆಯುವ ಗಾಡಿಯಾಗಿದ್ದರೆ ಒಂದು ಜೊತೆ ಹೊಸದು ಕೊಂಡು ಹಿಂದಕ್ಕೆ ಹಾಕಿ ಸುಮ್ಮನಾಗುತ್ತಿದ್ದೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತು: ನಾಲ್ಕೂ ಟೈರಿನ ಸುತ್ತಳತೆ ಹೊಂದಬೇಕು, ಇಲ್ಲದಿದ್ದರೆ ಚಕ್ರಗಳಿಗೆ ಬಲ ಹಂಚುವ ಭಾಗಗಳಿಗೆ ಪೆಟ್ಟು. ಸ್ಟೆಪ್ನಿ ಗಾಡಿ ಜೊತೆಗೇ ಬಂದದ್ದು, ಬೇರೆ ಕಂಪನಿಯದು, ರಬ್ಬರ್ ಗಟ್ಟಿಯಾಗಿತ್ತು. ಹಾಸನದ ಟೈರ್ ಅಂಗಡಿಯಲ್ಲಿ ‘ನಾಲ್ಕೂ ಬದಲಾಯಿಸಿ’ ಅಂದರು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ 37-38 ಸಾವಿರ. ಕಾಫಿ ಕುಯ್ಲಿಗೆ ಇನ್ನೂ ನಾಲ್ಕು ತಿಂಗಳಿತ್ತು. ಆ ಹೊತ್ತಲ್ಲಿ ಅಷ್ಟು ದುಡ್ಡು ತೆಗೆಯುವುದು ನಮ್ಮ ಕಡೆ ಯಾರಿಗೂ ಸುಲಭವಲ್ಲ. ನಮ್ಮ ಭಾವನಂತೂ ‘ಜಿಪುಣತನ ಮಾಡ್ಬೇಡ, ನಾಲ್ಕೂ ಹಾಕ್ಸು’ ಅಂತ ದಿನಾ ಫೋನ್ ಮಾಡುತ್ತಿದ್ದರು.

ಮೊದಲು ಮಾಡಿದ್ದು ತಪ್ಪು ಕೆಲಸ, ಅದನ್ನೇ ಮೊದಲು ಹೇಳುತ್ತೇನೆ. ಒಬ್ಬರು ಒಳಗಿಂದ ಬಿಸಿ ಪ್ಯಾಚ್ ಹಾಕಿ 500 ರೂಪಾಯಿ ತಗೊಂಡರು. ಗಾಳಿ ನಿಂತಿತು. ಮುನ್ನೂರು ಕಿ.ಮೀ. ಓಡುವಷ್ಟರಲ್ಲಿ ಅಲ್ಲಿ ನಿಂಬೆಹಣ್ಣು ಗಾತ್ರದ ಉಬ್ಬು ಬಂತು. ಪ್ಯಾಚ್ ಗಾಳಿ ತಡೆಯುತ್ತದೆ, ಕತ್ತರಿಸಿದ ದಾರವನ್ನು ಕೂಡಿಸುವುದಿಲ್ಲ. ಬಿಸಿಲೆ ಘಾಟ್ ಇಳಿಯುವಾಗ ಅದು ಸಿಡಿದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಸೈಡ್‌ವಾಲಿಗೆ ಯಾರು ಏನೇ ಭರವಸೆ ಕೊಟ್ಟರೂ ಪ್ಯಾಚ್ ಹಾಕಿಸಬೇಡಿ.

ಎರಡನೆಯದು ಸೆಕೆಂಡ್ ಹ್ಯಾಂಡ್ ಟೈರು. ಬೆಂಗಳೂರಿನಲ್ಲಿ ಹುಡುಕಿ ಹುಡುಕಿ ಸರಿಯಾಗಿ 5 ಮಿ.ಮೀ. ಬಟನ್ ಇದ್ದದ್ದನ್ನು 3,200 ಕೊಟ್ಟು ತಂದೆ, ಬಸ್ಸಿನ ಲಗೇಜು ಬೇರೆ. ಅಳತೆ ಅದೇ, ಕಂಪನಿ ಬೇರೆ. ಮನೆಗೆ ತಂದು ನೋಡಿದರೆ ತಯಾರಿಯ ನಾಲ್ಕಂಕಿ 1418, ಅಂದರೆ 2018ರ 14ನೇ ವಾರ. ಬಟನ್ ಬುಡದಲ್ಲೆಲ್ಲ ಕೂದಲೆಳೆ ಬಿರುಕು. ಅವಸರದಲ್ಲಿ ನಾನೇ ನೋಡಿರಲಿಲ್ಲ. ಆದರೂ ಹಾಕಿ ಅಳೆದೆ. ನಿಜವಾದ ಪಾಠ ಸಿಕ್ಕಿದ್ದು ಆ ಅಳತೆಯಲ್ಲಿ.

ನಾನು ಅಳೆಯುವುದು ಹೀಗೆ. ನಮ್ಮ ಕಾಫಿ ಕಣ 80 ಅಡಿ ಉದ್ದ, ಸಿಮೆಂಟಿನದು, ಮಟ್ಟವಾಗಿದೆ. ನಾಲ್ಕೂ ಚಕ್ರಕ್ಕೆ 33 ಪಿಎಸ್‌ಐ ಗಾಳಿ ಹಿಡಿಸಿ, ಟೈರಿನ ಮೇಲೆ ಕೆಳಗೆ ಸೀಮೆಸುಣ್ಣದ ಗೆರೆ ಎಳೆದು, ನೆಲದ ಮೇಲೂ ಗೆರೆ ಹಾಕಿ, ಇಬ್ಬರು ಗಾಡಿಯನ್ನು ನೇರವಾಗಿ ತಳ್ಳುವುದು. ಇಂಜಿನ್ ಹಾಕಬಾರದು. ಪ್ರತಿ ಚಕ್ರ ಹತ್ತು ಸುತ್ತು ಮುಗಿಸಿದ ಜಾಗಕ್ಕೆ ಒಂದು ಗೆರೆ. ನನ್ನ ಹಳೆಯ ಮೂರು ಟೈರು ಹತ್ತು ಸುತ್ತಿಗೆ 20 ಮೀಟರ್ 72 ಸೆಂ.ಮೀ. ಆಸುಪಾಸು, ಒಂದಕ್ಕೊಂದು ಒಂದು ಬೆರಳು ಹೆಚ್ಚು ಕಡಿಮೆ. ಬೆಂಗಳೂರಿನ ಟೈರು ಅದಕ್ಕಿಂತ ಒಂಬತ್ತು ಸೆಂ.ಮೀ. ಮುಂದೆ ಹೋಗಿ ನಿಂತಿತು! ಬಟನ್ ಆಳ ಒಂದೇ, ಸೈಡ್‌ವಾಲ್ ಮೇಲೆ ಬರೆದ ನಂಬರ್ ಒಂದೇ, ಸುತ್ತಳತೆ ಬೇರೆ. ಕಂಪನಿ ಬದಲಾದರೆ ಅಚ್ಚೂ ಬದಲಾಗುತ್ತದೆ. ಬರೀ ಬಟನ್ ಆಳ ಅಳೆಯುವ ಡೆಪ್ತ್ ಗೇಜ್ ಇಟ್ಟು ‘ಮ್ಯಾಚ್ ಆಯ್ತು’ ಅನ್ನುವವರು ಒಮ್ಮೆ ಹೀಗೆ ಉರುಳಿಸಿ ನೋಡಬೇಕು.

ಹಾಗಾಗಿ ಅದೇ ಕಂಪನಿ, ಅದೇ ಪ್ಯಾಟರ್ನ್ ಹೊಸದೊಂದನ್ನು 9,200 ಕೊಟ್ಟು ತರಿಸಿದೆ. ಹಾಕಿ ತಳ್ಳಿದರೆ 20 ಮೀಟರ್ 90. ಹಳೆಯದಕ್ಕೂ ಹೊಸದಕ್ಕೂ 18 ಸೆಂ.ಮೀ., ಹತ್ತಿರ ಹತ್ತಿರ ಒಂದು ಗೇಣು. ಕಿಲೋಮೀಟರಿಗೆ ನಾಲ್ಕು ಸುತ್ತು ವ್ಯತ್ಯಾಸ. ಸಕಲೇಶಪುರದಿಂದ ಹಾಸನ ಮುಟ್ಟುವಷ್ಟರಲ್ಲಿ ಬಲಗಡೆ ಚಕ್ರ ಎಡಗಡೆಗಿಂತ 160 ಸುತ್ತು ಜಾಸ್ತಿ ಸುತ್ತಿರುತ್ತದೆ. ಒಂದು ಸಲ ಹಾಗೇ ಓಡಿಸಿ ನೋಡಿದೆ. ಎರಡು ಚಕ್ರ, ಆಟೋ, ಲಾಕ್ ಅಂತ ಆರಿಸುವ ನಾಬ್ ಆಟೋದಲ್ಲಿತ್ತು. ಹಾಸನ ಸಮೀಪಿಸುವಾಗ ಡ್ಯಾಶ್‌ಬೋರ್ಡಲ್ಲಿ ದೀಪ ಬಂದು ಗಾಡಿ ತಾನಾಗಿ ಟೂ ವೀಲಿಗೆ (ಮುಂದಿನ ಎರಡೇ ಚಕ್ರ ಎಳೆಯುವುದಕ್ಕೆ) ಹೋಯಿತು. ಚಕ್ರಗಳ ವೇಗ ಹೊಂದುತ್ತಿಲ್ಲ ಅಂತ ಅದಕ್ಕೆ ಗೊತ್ತಾಗಿ, ಹಿಂದಿನ ಚಕ್ರಕ್ಕೆ ಬಲ ಕೂಡಿಸುವ ಕಪ್ಲಿಂಗನ್ನು ಬಿಟ್ಟುಬಿಟ್ಟಿತು. ಹಾಗೆ ಮಾಡಿದ್ದು ಒಳ್ಳೆಯದೇ.

ಇಲ್ಲೊಂದು ಅಡ್ಡ ಪ್ರಯೋಗ. ಹೊಸ ಟೈರಿನ ಗಾಳಿ ಇಳಿಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. 33ರಿಂದ 25ಕ್ಕೆ ಇಳಿಸಿ ತಳ್ಳಿದೆ. ಹತ್ತು ಸುತ್ತಿಗೆ ಕಡಿಮೆಯಾದದ್ದು ನಾಲ್ಕೈದು ಸೆಂ.ಮೀ. ಅಷ್ಟೆ. ಬಟನ್ ಕೆಳಗೆ ಸ್ಟೀಲ್ ಬೆಲ್ಟ್ ಸುತ್ತಿರುತ್ತದಲ್ಲ, ಗಾಳಿ ಇಳಿದರೂ ಅದರ ಉದ್ದ ಬದಲಾಗುವುದಿಲ್ಲ. ಟೈರು ಮಾತ್ರ ಅಂಚಿನಲ್ಲಿ ಸುಡುತ್ತದೆ. ಗಾಡಿಗೆ ಹಾಕದೆಯೇ ಅಳೆಯಬಹುದೇ ಅಂತ ಸೆಣಬಿನ ಹುರಿ ಸುತ್ತಿ ನೋಡಿದೆ. ಹುರಿ ಹಿಗ್ಗಿ ಒಂದೊಂದು ಸಲ ಒಂದೊಂದು ಲೆಕ್ಕ ಕೊಟ್ಟಿತು. ಕಂಬಿ ಕಟ್ಟುವ ಬೈಂಡಿಂಗ್ ವಯರ್ ನಡುಬಟನ್ ಮೇಲೆ ಸುತ್ತಿದಾಗ ಹೊಸದಕ್ಕೂ ಹಳೆಯದಕ್ಕೂ 19 ಮಿ.ಮೀ. ಬಂತು, ಕಣದ ಲೆಕ್ಕಕ್ಕೆ ಸರಿಹೊಂದಿತು. ಅಂಗಡಿಯಲ್ಲಿ ನಿಂತೇ ಟೈರು ಆರಿಸಬೇಕಾದವರಿಗೆ ಇಷ್ಟು ಸಾಕು.

ಉಳಿದದ್ದು ಒಂದೇ ದಾರಿ: ಹೊಸದನ್ನು 3 ಮಿ.ಮೀ. ಉಜ್ಜುವುದು. ಲಾರಿ ಟೈರು ರೀಸೋಲ್ ಮಾಡುವವರು, ಅಂದರೆ ಸವೆದ ಟೈರಿಗೆ ಹೊಸ ಬಟನ್ ಕೂರಿಸುವವರು, ಮೊದಲು ಮಾಡುವ ಕೆಲಸವೇ ಬಫಿಂಗ್, ಮುಖ ಉಜ್ಜುವುದು. ಅಲ್ಲಿಗೇ ನಿಲ್ಲಿಸಿ ಅಂತ ಕೇಳುವುದಷ್ಟೇ ನನ್ನ ಯೋಚನೆ. ಹಾಸನದಲ್ಲಿ ಇಬ್ಬರು ಆಗುವುದೇ ಇಲ್ಲ ಅಂದರು. ಮೂರನೆಯ ಕಡೆ ಯಜಮಾನರು ‘ಹೊಸಾ ಟೈರ್ ತಂದು ಉಜ್ಜಿಸೋರು ಎಲ್ಲಾದ್ರೂ ಇದ್ದಾರಾ ಗೌಡ್ರೆ? ಒಂಬತ್ತು ಸಾವಿರದ ಮಾಲು’ ಅಂದರು. ನಾನು ಕಣದ ಲೆಕ್ಕದ ಚೀಟಿ ತೆಗೆದು ತೋರಿಸಿದೆ. ಅವರಲ್ಲಿ 30 ವರ್ಷದಿಂದ ಬಫಿಂಗ್ ಮಾಡುವ ಮೇಸ್ತ್ರಿ ಚೀಟಿ ಓದಿ, ‘ಒಂದು ಗುಜರಿ ಟೈರ್ ತನ್ನಿ, ಅದ್ರ ಮೇಲೆ ನೋಡೋಣ’ ಅಂದರು. 250 ರೂಪಾಯಿಗೆ ಅದೇ ಅಳತೆಯ ಗುಜರಿ ಟೈರು ತಂದೆ.

ಮೆಷಿನ್ನಿನಲ್ಲಿ ಟಾಟಾ 407 ಲಾರಿಯ ಟೈರು ಕೂರಿಸಲು ಬಳಸುವ 16 ಇಂಚಿನ ರಿಂಗ್ ಇತ್ತು. ಕಾರಿನ ಟೈರು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಸುತ್ತುವಾಗ ಓಲಾಡುತ್ತದೆ. ಅದನ್ನು ಓಲಾಡದಂತೆ ಕೂರಿಸಿದ್ದು ಮೇಸ್ತ್ರಿಯ ಕೈಚಳಕ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ ಅಂತ ನಾನು ಅವರಿಗೆ ಮಾತು ಕೊಟ್ಟಿದ್ದೇನೆ.

ಗುಜರಿ ಟೈರಿನ ಮೊದಲ ಪ್ರಯತ್ನ ಕೆಟ್ಟಿತು. ಲಾರಿಗೆ ಕೊಡುವಷ್ಟೇ ಒತ್ತು ಕೊಟ್ಟು ಒಂದೇ ಸಲಕ್ಕೆ 2 ಮಿ.ಮೀ. ಹತ್ತಿರ ತೆಗೆದರು. ನೀಲಿ ಹೊಗೆ ಎದ್ದು ರಬ್ಬರ್ ಬೆಲ್ಲದ ಪಾಕದಂತೆ ಅಂಟಂಟಾಯಿತು, ಬಟನ್ ಅಂಚು ಕಿತ್ತುಬಂತು. ಜೊತೆಗೆ ಲಾರಿ ಟೈರಿನ ಮುಖ ಚಪ್ಪಟೆ, ಕಾರಿನದು ಸ್ವಲ್ಪ ಗುಂಡಗೆ. ರಬ್ಬರ್ ಉಜ್ಜುವ ಅರದ ಓಟ ಚಪ್ಪಟೆಯಾಗಿದ್ದುದರಿಂದ ನಡುವೆ 4 ಮಿ.ಮೀ., ಅಂಚಿಗೆ 6 ಮಿ.ಮೀ. ಉಳಿಯಿತು. ಯಜಮಾನರು ನನ್ನ ಮುಖ ನೋಡಿದರು. ನಾನು ‘ನಾಳೆ ಬರ್ತೀನಿ’ ಅಂತ ಹೇಳಿ ಬಂದೆ. ಭಾವನಿಗೆ ಮಾತ್ರ ಹೇಳಲಿಲ್ಲ.

ಮಾರನೆ ದಿನ ಹಳೆಯ ಟೈರೊಂದನ್ನು ಬಿಚ್ಚಿ ಜೊತೆಗೇ ಒಯ್ದೆ. ರಟ್ಟಿನ ಹಾಳೆಯನ್ನು ಅದರ ಮುಖಕ್ಕೆ ಹಿಡಿದು ಗುಂಡನ್ನು ಕತ್ತರಿಸಿಕೊಂಡೆವು. ಆ ರಟ್ಟಿನ ಪ್ರಕಾರ ಅರ ಹಿಡಿದ ತೋಳಿನ ಓಟ ಕೂರಿಸಿದರು. ಮೆಷಿನ್ನಿಗೆ ಕೊಟ್ಟ ನಂಬರ್ ಎಷ್ಟು ಅಂತ ಕೇಳಬೇಡಿ, ನಿಮ್ಮ ಟೈರಿನ ರಟ್ಟು ನೀವೇ ಕತ್ತರಿಸಿ. ಈ ಸಲ ಹೊಸ ಟೈರಿಗೇ, ಅರ್ಧರ್ಧ ಮಿ.ಮೀ., ನಡುವೆ ಹತ್ತು ನಿಮಿಷ ಆರಲು ಬಿಟ್ಟು, ಕೈಯಿಟ್ಟು ನೋಡಿ ಮತ್ತೆ. ಆರು ಸುತ್ತಿಗೆ ಎರಡು ಗಂಟೆ ಹಿಡಿಯಿತು. ಅರದ ಕೆಳಗೆ ಕಪ್ಪು ಪುಡಿ ರಾಗಿಹಿಟ್ಟಿನ ಹಾಗೆ ಬೀಳುತ್ತಿತ್ತು. ಗುಡಿಸಿ ತೂಗಿಸಿದೆ, 850 ಗ್ರಾಂ ಚಿಲ್ಲರೆ. ಗೇಜಿನಲ್ಲಿ ನಡುವೆ 5.2, ಅಂಚಿನಲ್ಲಿ 5.1. ಮುಖ ಮಾತ್ರ ಸೌತೆಕಾಯಿ ತುರಿಯುವ ಮಣೆಯಂತೆ ತರಿತರಿ.

ಬ್ಯಾಲೆನ್ಸಿಂಗ್‌ಗೆ ಹಾಕಿದಾಗ 45 ಗ್ರಾಂ ತೂಕ ಕೇಳಿತು. ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದೆವು, 25ಕ್ಕೆ ಬಂತು. ಸಂಜೆ ಮಳೆ ಬಿಟ್ಟಾಗ ಕಣಕ್ಕೆ ಇಳಿಸಿ ತಳ್ಳಿದೆ. 20 ಮೀಟರ್ 74! ಹಳೆಯವಕ್ಕೆ ಎರಡು ಸೆಂ.ಮೀ. ವ್ಯತ್ಯಾಸ, ಹದಿನೆಂಟು ಇದ್ದದ್ದು. ನನ್ನ ಮಗ ಸೀಮೆಸುಣ್ಣ ಹಿಡಿದುಕೊಂಡು ಕುಣಿದ. ನನಗೂ ಅಷ್ಟೇ ಖುಷಿ.

ಮೊದಲ ಇನ್ನೂರು ಕಿ.ಮೀ. ಗುಂಯ್ ಅಂತ ಸದ್ದು ಇತ್ತು, ತರಿ ಸವೆದ ಮೇಲೆ ನಿಂತಿತು. ಅಲ್ಲಿಯವರೆಗೆ ಮಳೆಯಲ್ಲಿ ನಿಧಾನವಾಗಿಯೇ ಓಡಿಸಿದೆ. ಉಜ್ಜಿಸಿದ ಟೈರಿಗೆ ಕಂಪನಿ ವಾರಂಟಿ ಕೇಳುವ ಹಾಗಿಲ್ಲ, ಅದು ತಿಳಿದೇ ಮಾಡಿದ್ದು. ಈಗ 14 ಸಾವಿರ ಕಿ.ಮೀ. ಆಗಿದೆ. ನಾಲ್ಕೂ ಟೈರು 3.4ರಿಂದ 3.6ರ ಒಳಗೆ ಇವೆ, ಆಟೋದಲ್ಲಿ ದೀಪ ಒಮ್ಮೆಯೂ ಬಂದಿಲ್ಲ. ಬಿಸಿಲೆ ಕಡೆ ಕೆಸರಲ್ಲಿ ನಾಬ್ ಲಾಕ್‌ಗೆ ಹಾಕಿ ಹತ್ತಿಸಿದ್ದೇನೆ, ಎಳೆತ ಮೊದಲಿನಂತೆಯೇ ಇದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಹೊಸ ಟೈರು 9,200, ಬಫಿಂಗ್ 700, ಮೇಸ್ತ್ರಿ ಕೈಗೆ 300, ಬ್ಯಾಲೆನ್ಸಿಂಗ್ ವಾಲ್ವ್ ಸೇರಿ 350. ಪ್ಯಾಚು, ಬೆಂಗಳೂರಿನ ಟೈರು, ಗುಜರಿ ಅಂತ ಕಳೆದುಕೊಂಡದ್ದು ನಾಲ್ಕು ಸಾವಿರದ ಮೇಲೆ. ಎಲ್ಲ ಸೇರಿಸಿದರೂ 15 ಸಾವಿರ ಮುಟ್ಟಲಿಲ್ಲ. ನೇರವಾಗಿ ಈ ದಾರಿಗೇ ಬಂದವರಿಗೆ ಹನ್ನೊಂದರ ಒಳಗೆ ಮುಗಿಯುತ್ತದೆ.

ಯಜಮಾನರು ಆಮೇಲೆ ಇನ್ನೆರಡು ಡಸ್ಟರ್ ಟೈರು ಉಜ್ಜಿಕೊಟ್ಟಿದ್ದಾರೆ, ಎರಡಕ್ಕೂ ರಟ್ಟು ಕತ್ತರಿಸಿದ್ದು ನಾನೇ. ಭಾವನ ಎಕ್ಸ್‌ಯುವಿ 500 ಕೂಡ ಎಡಬ್ಲ್ಯೂಡಿ. ಹೋದ ತಿಂಗಳು ಅದರ ಮುಂದಿನ ಟೈರು ಮೂಡಿಗೆರೆ ರಸ್ತೆಯ ಗುಂಡಿಯಲ್ಲಿ ಒಡೆದಿದೆ. ಈಗ ಅವರೇ ದಿನಾ ಫೋನ್ ಮಾಡುತ್ತಿದ್ದಾರೆ. ಅದರದ್ದು 235/65 ಆರ್17, ಮೇಸ್ತ್ರಿ ಹತ್ತಿರ 17ರ ರಿಂಗ್ ಇಲ್ಲ. ಲೇತ್‌ನಲ್ಲಿ ಒಂದು ಮಾಡಿಸಲು ಕೊಟ್ಟಿದ್ದೇವೆ, ಮುಂದಿನ ವಾರ ಬರುತ್ತದೆ.