ಫೈಬ್ರಿನೋಜನ್ ಜಾಸ್ತಿ ಅಂತ ರಿಪೋರ್ಟ್ ಬಂದ್ರೆ ಏನ್ ಮಾಡ್ಬೇಕು

ಮೊನ್ನೆ ನಮ್ ಭಾವ ಫುಲ್ ಬಾಡಿ ಚೆಕಪ್ ಮಾಡಿಸ್ಕೊಂಡ್ ಬಂದ್ರು, ಫೈಬ್ರಿನೋಜನ್ 460 ಇದೆ, ಇನ್ನೇನ್ ಹಾರ್ಟ್ ಅಟ್ಯಾಕ್ ಗ್ಯಾರಂಟಿ ಅಂತ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ.

ಇದು ಲಿವರ್ ತಯಾರಿಸೋ ಪ್ರೋಟೀನ್, ಗಾಯ ಆದಾಗ ಫೈಬ್ರಿನ್ ಅನ್ನೋ ಎಳೆಗಳಾಗಿ ಬಲೆ ಹೆಣೆಯುತ್ತೆ, ಅದರಲ್ಲಿ ರಕ್ತಕಣ ಸಿಕ್ಕಾಕೊಂಡು ರಕ್ತ ಹೆಪ್ಪುಗಟ್ಟುತ್ತೆ. ಕೈ ಕುಯ್ಕೊಂಡಾಗ ನಮ್ಮನ್ನ ಉಳಿಸೋದು ಇದೇ. ಆದ್ರೆ ಹೃದಯದ ರಕ್ತನಾಳದೊಳಗೆ ಕಟ್ಟಿರೋ ಕೊಬ್ಬಿನ ಪದರ ಬಿರಿದಾಗ ದೇಹ ಅದನ್ನೂ ಗಾಯ ಅಂತಲೇ ತಿಳ್ಕೊಂಡು ಅಲ್ಲೂ ಬಲೆ ಹಾಕುತ್ತೆ, ನಾಳ ಮುಚ್ಚಿಹೋಗುತ್ತೆ, ಹಾರ್ಟ್ ಅಟ್ಯಾಕ್ ಆಗೋದು ಹೀಗೆ.

ನಾರ್ಮಲ್ ಅಂದ್ರೆ ಸುಮಾರು 200ರಿಂದ 400 mg/dL. ಜಾಸ್ತಿ ಬಂದಿದ್ರೆ ಮೊದಲು ನೆನಪು ಮಾಡ್ಕೊಳ್ಳಿ, ರಕ್ತ ಕೊಟ್ಟಾಗ ಜ್ವರ, ಕೆಮ್ಮು, ಹಲ್ಲಿನ ಸೋಂಕು, ಆಪರೇಷನ್ ಏನಾದ್ರೂ ಇತ್ತಾ? ಉರಿಯೂತ ಇದ್ರೆ ಇದು ತಾನಾಗೇ ಏರುತ್ತೆ, ಬಸುರಿಯರಲ್ಲೂ ಏರುತ್ತೆ. ಪೂರ್ತಿ ಹುಷಾರಾಗಿ ಮೂರ್ನಾಲ್ಕು ವಾರ ಆದ್ಮೇಲೆ ಅದೇ ಲ್ಯಾಬಲ್ಲಿ ಇನ್ನೊಂದ್ಸಲ ಮಾಡಿಸಿ. ಭಾವನಿಗೆ ಆ ವಾರ ವಿಪರೀತ ನೆಗಡಿ ಇತ್ತಂತೆ, ಅದನ್ನ ಯಾರೂ ಕೇಳೇ ಇರ್ಲಿಲ್ಲ.

ಆಗಲೂ ಜಾಸ್ತಿನೇ ಇದ್ರೆ ಸಿಗರೇಟು, ಬೀಡಿ ಬಿಡಿ. ಸೇದೋರಲ್ಲಿ ಇದು ಹೆಚ್ಚಿರುತ್ತೆ, ಬಿಟ್ಟ ಮೇಲೆ ಇಳಿಯುತ್ತೆ. ಬರೀ ಈ ನಂಬರ್ ಹಿಂದೆ ಮಾತ್ರ ಓಡ್ಬೇಡಿ, ಫೈಬ್ರಿನೋಜನ್ ಹೆಚ್ಚಿರೋರಲ್ಲಿ ಅಟ್ಯಾಕ್ ಜಾಸ್ತಿ ಅನ್ನೋದು ನಿಜ, ಆದ್ರೆ ಅದೇ ಕಾರಣ ಅಂತ ಜೀನ್ ನೋಡಿ ಮಾಡಿದ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ರಿಪೋರ್ಟ್ ತಗೊಂಡೋಗಿ ಡಾಕ್ಟರ್ ಮುಂದೆ ಇಡಿ, ನಿಜವಾದ ಕೆಲಸ ಇರೋದು ಅಲ್ಲಿ.

ದಯವಿಟ್ಟು ಯಾರೋ ಹೇಳಿದ್ರು ಅಂತ ರಕ್ತ ತೆಳು ಮಾಡೋ ಮಾತ್ರೆ ಆಸ್ಪಿರಿನ್ ನುಂಗಕ್ಕೆ ಶುರು ಮಾಡ್ಬೇಡಿ, ಅದು ಫೈಬ್ರಿನೋಜನ್ ಇಳಿಸಲ್ಲ, ಹೊಟ್ಟೆಯಲ್ಲೋ ಮೆದುಳಲ್ಲೋ ರಕ್ತಸ್ರಾವ ಆಗ್ಬಹುದು. ಸ್ಟೆಂಟ್ ಹಾಕಿಸ್ಕೊಂಡೋರು ಅದೇ ಮಾತ್ರೆಯನ್ನ ಡಾಕ್ಟರ್ ಹೇಳದೆ ಒಂದಿನಾನೂ ನಿಲ್ಲಿಸ್ಬಾರ್ದು.

ಇನ್ನು ಎದೆ ಹಿಂಡಿದ ಹಾಗಾಗಿ, ಬೆವರು ಕಿತ್ಕೊಂಡ್ ಬಂದು, ನೋವು ಎಡಗೈಗೋ ದವಡೆಗೋ ಹರಡಿದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗ್ಬೇಡಿ. ರಿಪೋರ್ಟ್ ನಾರ್ಮಲ್ ಇದ್ರೂ ಸರಿ, 108ಕ್ಕೆ ಫೋನ್ ಮಾಡಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ, ಆ ಫೈಬ್ರಿನ್ ಬಲೆಯನ್ನೇ ಕರಗಿಸೋ ಔಷಧಿ ಅದು. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಇವತ್ತೇ ವಿಚಾರಿಸಿ ಮನೆಯವರಿಗೆಲ್ಲಾ ಹೇಳಿಡಿ.