ದಾರಿ ಬಿಟ್ಟು ಕ್ಯಾಮೆರಾ ಕಟ್ಟಿದ ಅನುಭವ

ಕಾಡಿನ ಯಾವ ಭಾಗವನ್ನು ಯಾವ ಪ್ರಾಣಿ ಎಷ್ಟು ಬಳಸುತ್ತದೆ? ಇದನ್ನು ತಿಳಿಯೋಕೆ ನಾನು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟಲು ಶುರು ಮಾಡಿದೆ. ಚಿತ್ರ ಜಾಸ್ತಿ ಬೇಕಿದ್ದರೆ ಕಾಲುದಾರಿಯ ಪಕ್ಕದಲ್ಲಿ ಕಟ್ಟಿದರೆ ಸಾಕು. ಚಿರತೆ ದಾರಿ ಹಿಡಿದು ನಡೆಯುವುದೇ ಹೆಚ್ಚು. ಆದರೆ ಆ ಚಿತ್ರಗಳಿಂದ ಪೊದೆಯೊಳಗಿನ ಕತೆ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೇ ನಕ್ಷೆಯಲ್ಲಿ ಹುಲ್ಲುಗಾವಲು, ಪೊದೆ, ದಟ್ಟ ಕಾಡು ಎಂದು ವಿಂಗಡಿಸಿ, ಒಂದೊಂದರಲ್ಲೂ ಚೀಟಿ ಎತ್ತಿದ ಹಾಗೆ ಜಾಗ ಆರಿಸಿದೆ. ಜಿಪಿಎಸ್ ತೋರಿಸಿದ್ದು ಮುಳ್ಳಿನ ನಡುವೆ ಇದ್ದರೂ ಅಲ್ಲೇ ಕಟ್ಟಬೇಕು. ಏನೂ ಬರಲ್ಲ ಅನ್ನಿಸುವ ಜಾಗದ ಲೆಕ್ಕವೂ ನಮಗೆ ಬೇಕು.

ಈ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಶಾಖ ಗ್ರಹಿಸುವ ಸೆನ್ಸರ್ ಇರುತ್ತದೆ. ಸುತ್ತಲಿನ ಬಿಸಿಗೂ ಪ್ರಾಣಿಯ ಮೈಬಿಸಿಗೂ ವ್ಯತ್ಯಾಸವಿದ್ದು, ಪ್ರಾಣಿ ಅಲುಗಾಡಿದರೆ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಸುಡುವ ಮಧ್ಯಾಹ್ನ ನೆಲವೂ ಕಾದಿರುವುದರಿಂದ, ಎದುರಿಗೇ ಹಾದುಹೋದ ಜಿಂಕೆಯೂ ತಪ್ಪಿಹೋಗಬಹುದು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೆ ಸುಮ್ನೆ ಖಾಲಿ ಚಿತ್ರಗಳು ತುಂಬುತ್ತವೆ. ನಾನು ಮೊಣಕಾಲೆತ್ತರಕ್ಕೆ ಕಟ್ಟುತ್ತೇನೆ, ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಮಾಡುವುದಿಲ್ಲ. ಲೆನ್ಸ್‌ಗೆ ಅಡ್ಡ ಬರುವ ಹುಲ್ಲು ಮಾತ್ರ ಕೀಳುತ್ತೇನೆ. ಜಾಸ್ತಿ ಸವರಿದರೆ ನಾವೇ ಹೊಸ ದಾರಿ ಮಾಡಿಕೊಟ್ಟಂತೆ.

ಆಮೇಲೆ ಬಗ್ಗಿ, ನಾಲ್ಕು ಕಾಲಿನ ಪ್ರಾಣಿಯ ಹಾಗೆ ಕ್ಯಾಮೆರಾದ ಮುಂದೆ ಹಾಯುತ್ತೇನೆ. ಸೆನ್ಸರ್ ನನ್ನನ್ನು ಗ್ರಹಿಸಿದಾಗ ಹೊತ್ತುವ ಕ್ಯಾಮೆರಾದ ಪರೀಕ್ಷೆಯ ದೀಪ ಎಷ್ಟು ದೂರದವರೆಗೆ ಮಿನುಗುತ್ತದೋ ಆ ದೂರವನ್ನು ಬರೆದಿಡುತ್ತೇನೆ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. ಬಯಲಿನಲ್ಲಿ ದೂರದ ಪ್ರಾಣಿಯೂ ಸಿಗುತ್ತದೆ. ಪೊದೆಯಲ್ಲಿ ತೀರಾ ಹತ್ತಿರ ಬಂದದ್ದು ಮಾತ್ರ. ಎರಡೂ ಕಡೆ ಜಿಂಕೆಗಳು ಅಷ್ಟೇ ಓಡಾಡಿದರೂ ಪೊದೆಯ ಚಿತ್ರಗಳು ಕಡಿಮೆಯೇ ಇರುತ್ತವೆ. ಎಲ್ಲ ಕಡೆ ಒಂದೇ ಮಾದರಿಯ ಕ್ಯಾಮೆರಾ, ಒಂದೇ ಸೆಟ್ಟಿಂಗ್ ಇಟ್ಟರೂ ಈ ವ್ಯತ್ಯಾಸ ಹೋಗುವುದಿಲ್ಲ.

ಹಾಗಾಗಿ ಚಿತ್ರಗಳನ್ನು ಎಣಿಸಿ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆಯಿಲ್ಲ. ನೆಲ ಕೆದಕುತ್ತಾ ನಿಂತ ಒಂದೇ ಕಾಡುಹಂದಿ ಹತ್ತಾರು ಚಿತ್ರ ಕೊಡುತ್ತದೆ. ಒಂದೇ ಕ್ಯಾಮೆರಾದಲ್ಲಿ 30 ನಿಮಿಷದೊಳಗೆ ಬಂದ ಒಂದೇ ಜಾತಿಯ ಚಿತ್ರಗಳನ್ನು ಒಂದೇ ಭೇಟಿ ಅಂತ ಹಿಡಿಯುತ್ತೇನೆ. ನಂತರ ಪ್ರತಿ ಜಾಗಕ್ಕೂ ವಾರವಾರ ಸಿಕ್ಕಿತೋ ಇಲ್ಲವೋ ಎಂದು 1, 0 ಬರೆಯುತ್ತೇನೆ. ಸಂಶೋಧಕ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಆಕ್ಯುಪೆನ್ಸಿ ವಿಧಾನ (ಪ್ರಾಣಿ ಎಷ್ಟು ಜಾಗಗಳಲ್ಲಿದೆ ಎಂದು ಅಂದಾಜಿಸುವ ಲೆಕ್ಕ) ಈ 1, 0 ಸಾಲುಗಳಿಂದಲೇ, ಪ್ರಾಣಿ ಇದ್ದೂ ಕಣ್ಣಿಗೆ ಬೀಳದಿರುವ ಸಾಧ್ಯತೆಯನ್ನು ಬೇರೆಯಾಗಿ ಅಂದಾಜು ಮಾಡುತ್ತದೆ. ಪ್ರಾಣಿ ಬಳಸುವ ಜಾಗದಲ್ಲಿ ಅದು ವಾರಕ್ಕೊಮ್ಮೆಯಾದರೂ ಸಿಗುವ ಸಾಧ್ಯತೆ ಶೇ 30 ಎಂದುಕೊಳ್ಳಿ. 5 ವಾರವೂ ಸಿಗದೇ ಹೋಗುವ ಸಾಧ್ಯತೆ ಆಗಲೂ ಸುಮಾರು ಶೇ 17 ಇರುತ್ತದೆ. ಪೊದೆಯಂಥ ಜಾಗದಲ್ಲಿ ಕ್ಯಾಮೆರಾವನ್ನು ಇನ್ನಷ್ಟು ವಾರ ಬಿಡುವುದು ಇದೇ ಕಾರಣಕ್ಕೆ.